ಮತಿ ಕದಡಿದವನ ವಿಚಾರಣೆ: ಕರುಣೆ ಮತ್ತು ಪ್ರಮಾದ

ಅಪರಾಧದ ಆರೋಪ ಹೊತ್ತ ಮನುಷ್ಯನೊಬ್ಬನನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಲಾಗುತ್ತದೆ. ನ್ಯಾಯಾಧೀಶರು ಆರೋಪವನ್ನು ಓದಿ ಹೇಳಿ, ಒಪ್ಪುವೆಯೋ ಇಲ್ಲವೋ ಎಂದು ಕೇಳುತ್ತಾರೆ. ಆತ ಉತ್ತರಿಸುವುದಿಲ್ಲ, ಅಥವಾ ಕೇಳಿದ್ದಕ್ಕೆ ಸಂಬಂಧವಿಲ್ಲದ ಏನನ್ನೋ ಹೇಳುತ್ತಾನೆ, ಅಥವಾ ತನ್ನ ಪರವಾಗಿ ನಿಂತ ವಕೀಲನನ್ನೇ ವೈರಿಯೆಂದು ಬಗೆದು ಹಿಂದಕ್ಕೆ ಸರಿಯುತ್ತಾನೆ. ಅವನ ದೇಹ ಕಟಕಟೆಯಲ್ಲಿದೆ, ಮನಸ್ಸು ಅಲ್ಲಿಲ್ಲ. ಇಂಥವನನ್ನು ವಿಚಾರಣೆಗೆ ಗುರಿಪಡಿಸುವುದು ಧರ್ಮವೇ? ಗುರಿಪಡಿಸದೆ ಬಿಟ್ಟರೆ ಅವನಿಂದ ನೊಂದವರಿಗೆ ನ್ಯಾಯ ದೊರಕಿದಂತಾಯಿತೇ? ವಿಚಾರಣೆಯನ್ನು ತಡೆಹಿಡಿದ ಮೇಲೆ ಆ ಮನುಷ್ಯನ ಹೊಣೆ ಯಾರದು? ಈ ಮೂರು ಪ್ರಶ್ನೆಗಳು ಮೇಲ್ನೋಟಕ್ಕೆ ಕಾನೂನಿನವಾಗಿ ತೋರಿದರೂ ಮೂಲದಲ್ಲಿ ನೀತಿಗೆ ಸೇರಿದವು. ಹಿಂಸೆಯ ಸೂಕ್ಷ್ಮ ಪ್ರಭೇದಗಳನ್ನು ಬಿಡಿಸಿ ನೋಡಿದ ಜೈನ ಚಿಂತನೆಗೆ ಇವುಗಳ ಕುರಿತು ಹೇಳುವುದು ಬಹಳವಿದೆ.

ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಇದು ದೂರದ ಸಂಗತಿಯಲ್ಲ. ಎರಡೂ ನಗರಗಳಲ್ಲಿ ನ್ಯಾಯಾಲಯಗಳಿವೆ, ಧಾರವಾಡದಲ್ಲಿ ಕಾರಾಗೃಹವಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಆದ ಉಚ್ಚ ನ್ಯಾಯಾಲಯದ ಪೀಠವೂ ಇದೆ. ಇವುಗಳ ಜೊತೆಗೆ, ಮುಂಬಯಿ ಪ್ರಾಂತದ ಕಾಲದಿಂದಲೂ ನಡೆದುಬಂದ ಮಾನಸಿಕ ಆಸ್ಪತ್ರೆ ಧಾರವಾಡದಲ್ಲಿದೆ. ಅದು ಇಂದು ಡಿಮ್ಹಾನ್ಸ್ ಎಂಬ ಹೆಸರಿನಿಂದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿ ಬೆಳೆದಿದೆ. ಉತ್ತರ ಕರ್ನಾಟಕದಲ್ಲಿ ಯಾರಾದರೂ ವಿಚಿತ್ರವಾಗಿ ನಡೆದುಕೊಂಡರೆ ಅವನನ್ನು ಧಾರವಾಡಕ್ಕೆ ಕಳಿಸಬೇಕೆಂದು ನಗೆಯಾಡುವ ರೂಢಿಯುಂಟು. ಆದರೆ ನ್ಯಾಯಾಲಯವು ಒಬ್ಬ ಆರೋಪಿಯನ್ನು ನಿಜವಾಗಿಯೂ ಧಾರವಾಡಕ್ಕೆ ಕಳಿಸಿದಾಗ ಅಲ್ಲಿ ನಗೆಗೆ ಎಡೆಯಿಲ್ಲ. ವೈದ್ಯರು ಬರೆದುಕೊಡುವ ಒಂದು ವರದಿಯ ಮೇಲೆ ಆ ಮನುಷ್ಯನ ಮುಂದಿನ ಬದುಕು ನಿಂತಿರುತ್ತದೆ.

ಎರಡು ಬೇರೆ ಬೇರೆ ಪ್ರಶ್ನೆಗಳು

ಜನಸಾಮಾನ್ಯರಲ್ಲಿ, ಕೆಲವೊಮ್ಮೆ ಓದಿದವರಲ್ಲಿಯೂ, ಇಲ್ಲೊಂದು ಗೊಂದಲವಿದೆ. ಹುಚ್ಚನೆಂದು ಹೇಳಿಸಿಕೊಂಡರೆ ಶಿಕ್ಷೆ ತಪ್ಪುತ್ತದೆ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಕಾನೂನು ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದೆ. ಕೃತ್ಯ ನಡೆದ ಗಳಿಗೆಯಲ್ಲಿ ಆ ಮನುಷ್ಯನಿಗೆ ತಾನು ಮಾಡುತ್ತಿರುವುದು ಏನು, ಅದು ತಪ್ಪು ಎಂಬ ಅರಿವು ಇತ್ತೇ ಎಂಬುದು ಮೊದಲನೆಯದು. ಭಾರತೀಯ ದಂಡ ಸಂಹಿತೆಯ 84ನೆಯ ಕಲಮು ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 22ನೆಯ ಕಲಮಾಗಿದೆ. ಈಗ, ವಿಚಾರಣೆಯ ಈ ದಿನ, ಆತ ತನ್ನನ್ನು ಸಮರ್ಥಿಸಿಕೊಳ್ಳಲು ಶಕ್ತನೇ ಎಂಬುದು ಎರಡನೆಯದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 328ರಿಂದ 339ರವರೆಗಿನ ಕಲಮುಗಳು ಇದನ್ನು ಕುರಿತವು. ಅವುಗಳ ಸ್ಥಾನದಲ್ಲಿ ಇಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ರಿಂದ 378ರವರೆಗಿನ ಕಲಮುಗಳಿವೆ.

ಮೊದಲ ಪ್ರಶ್ನೆ ಭೂತಕಾಲವನ್ನು ಕುರಿತದ್ದು. ಅದರ ಉತ್ತರದಿಂದ ಆರೋಪಿ ದೋಷಿಯೋ ಅಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಎರಡನೆಯದು ವರ್ತಮಾನವನ್ನು ಕುರಿತದ್ದು. ಅದರ ಉತ್ತರದಿಂದ ವಿಚಾರಣೆ ಇಂದು ನಡೆಯಬೇಕೋ ನಿಲ್ಲಬೇಕೋ ಎಂಬುದಷ್ಟೇ ತೀರ್ಮಾನವಾಗುತ್ತದೆ. ಕೃತ್ಯದ ವೇಳೆ ಸಂಪೂರ್ಣ ಸ್ವಸ್ಥನಾಗಿದ್ದವನು ಸೆರೆಮನೆಯಲ್ಲಿ ಮತಿಭ್ರಾಂತನಾಗಬಹುದು. ಕೃತ್ಯದ ವೇಳೆ ಭ್ರಾಂತನಾಗಿದ್ದವನು ಔಷಧದಿಂದ ಚೇತರಿಸಿಕೊಂಡು ವಿಚಾರಣೆಯನ್ನು ಚೆನ್ನಾಗಿ ಎದುರಿಸಬಹುದು. ಆದ್ದರಿಂದ ವಿಚಾರಣೆಗೆ ಅನರ್ಹನೆಂದು ಕಂಡುಬಂದವನು ನಿರಪರಾಧಿಯೆಂದು ಸಾರಿದಂತಾಗಲಿಲ್ಲ, ಅಪರಾಧಿಯೆಂದೂ ಅಲ್ಲ. ಅವನು ಇವೆರಡರ ನಡುವೆ ನಿಂತಿರುತ್ತಾನೆ. ಈ ನಡುವಣ ಸ್ಥಿತಿಯೇ ಅವನ ಪಾಲಿಗೆ ಅತ್ಯಂತ ಅಪಾಯದ ಸ್ಥಳವೆಂಬುದನ್ನು ಮುಂದೆ ನೋಡಲಿದ್ದೇವೆ.

ಪರೀಕ್ಷೆಗಾಗಿ ಬಂದ ಆರೋಪಿಯಲ್ಲಿ ವೈದ್ಯರು ನೋಡುವುದು ಕಾಯಿಲೆಯ ಹೆಸರನ್ನು ಮಾತ್ರವಲ್ಲ. ತನ್ನ ಮೇಲಿನ ಆರೋಪ ಏನೆಂದು ಅವನಿಗೆ ತಿಳಿದಿದೆಯೇ? ಎದುರಿಗೆ ಕುಳಿತವರಲ್ಲಿ ನ್ಯಾಯಾಧೀಶರು ಯಾರು, ತನ್ನ ವಕೀಲ ಯಾರು, ಎದುರು ಪಕ್ಷದ ವಕೀಲ ಯಾರು ಎಂಬುದನ್ನು ಬಲ್ಲನೇ? ತಪ್ಪೊಪ್ಪಿಕೊಂಡರೆ ಏನಾಗುತ್ತದೆ, ಒಪ್ಪದಿದ್ದರೆ ಏನಾಗುತ್ತದೆ ಎಂಬ ಪರಿಣಾಮದ ಅರಿವಿದೆಯೇ? ಸಾಕ್ಷಿಯೊಬ್ಬ ಸುಳ್ಳು ಹೇಳಿದರೆ ಅದನ್ನು ಗುರುತಿಸಿ ವಕೀಲನಿಗೆ ಹೇಳಬಲ್ಲನೇ? ಗಂಟೆಗಟ್ಟಲೆ ನಡೆಯುವ ಕಲಾಪದಲ್ಲಿ ಗಮನವಿಟ್ಟು ಕುಳಿತಿರಬಲ್ಲನೇ? ಸ್ಕಿಜೋಫ್ರೇನಿಯಾ ಇರುವವರೆಲ್ಲರೂ ಅನರ್ಹರಲ್ಲ. ಕಾಯಿಲೆ ಹತೋಟಿಯಲ್ಲಿದ್ದರೆ ಅವರಲ್ಲಿ ಅನೇಕರು ಈ ಎಲ್ಲ ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸಬಲ್ಲರು. ಹುಟ್ಟಿನಿಂದ ಬುದ್ಧಿ ಬೆಳೆಯದವನು, ಮುಪ್ಪಿನ ಮರೆವಿನಲ್ಲಿ ಮುಳುಗಿದವನು ಮೇಲ್ನೋಟಕ್ಕೆ ಸೌಮ್ಯರಾಗಿ ಕಂಡರೂ ಉತ್ತರಿಸಲಾರದೆ ಹೋಗಬಹುದು. ವೈದ್ಯರು ಅಭಿಪ್ರಾಯ ಕೊಡುತ್ತಾರೆ, ನಿರ್ಣಯ ನ್ಯಾಯಾಲಯದ್ದು.

ವಿಚಾರಣೆ ಏಕೆ ನಿಲ್ಲಬೇಕು?

ಸಾಕ್ಷ್ಯ ಸ್ಪಷ್ಟವಾಗಿರುವಾಗ ಆರೋಪಿಗೆ ಅರ್ಥವಾದರೇನು, ಆಗದಿದ್ದರೇನು ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಉತ್ತರಿಸದೆ ಮೌನವಾಗಿರುವ ಆರೋಪಿಯ ಎದೆಯ ಮೇಲೆ ಭಾರ ಹೇರಿ ಬಾಯಿ ಬಿಡಿಸುವ ಕ್ರಮವಿತ್ತು; ಅದು ರದ್ದಾದದ್ದು 1772ರಲ್ಲಿ. ಆದ್ದರಿಂದ ಆತನ ಮೌನ ಹಟದಿಂದಲೋ ದೈವದ ಕೈವಾಡದಿಂದಲೋ ಎಂದು ಮೊದಲು ತಿಳಿಯಬೇಕಾಗುತ್ತಿತ್ತು. 1836ರಲ್ಲಿ ಪ್ರಿಚರ್ಡ್ ಎಂಬ ಕಿವುಡ-ಮೂಗ ಆರೋಪಿಯ ಮೊಕದ್ದಮೆಯಲ್ಲಿ ಆಲ್ಡರ್ಸನ್ ಎಂಬ ನ್ಯಾಯಾಧೀಶರು, ಕಲಾಪದ ಗತಿಯನ್ನು ಗ್ರಹಿಸಿ ತಕ್ಕ ಸಮರ್ಥನೆ ಮಾಡಿಕೊಳ್ಳುವಷ್ಟು ಬುದ್ಧಿ ಆತನಿಗಿದೆಯೇ ಎಂಬ ಪ್ರಶ್ನೆಯನ್ನು ಮುಂದಿಟ್ಟರು. ಇಂಗ್ಲೆಂಡಿನಲ್ಲಿ ಈ ವಿಷಯದ ಮಾನದಂಡ ಆ ಪ್ರಶ್ನೆಯಿಂದಲೇ ಬೆಳೆಯಿತು.

ಜೈನ ಪರಂಪರೆಯಲ್ಲಿ ಇದಕ್ಕೆ ಸಮೀಪವಾದ ವಿಚಾರ ಪ್ರಾಯಶ್ಚಿತ್ತ ಪ್ರಕರಣದಲ್ಲಿ ಬರುತ್ತದೆ. ತತ್ತ್ವಾರ್ಥಸೂತ್ರವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಎಣಿಸಿ ಆಲೋಚನೆಯನ್ನು ಮೊದಲಿಗೆ ಇರಿಸಿದೆ. ತನ್ನ ಪ್ರಮಾದವನ್ನು ಹತ್ತು ದೋಷಗಳಿಲ್ಲದೆ ಗುರುವಿನ ಮುಂದೆ ನಿವೇದಿಸುವುದೇ ಆಲೋಚನೆ ಎಂದು ಪೂಜ್ಯಪಾದರು ವಿವರಿಸಿದ್ದಾರೆ. ಆ ದೋಷಗಳಲ್ಲಿ ಶಬ್ದಾಕುಲಿತ ಎಂಬುದೊಂದು: ಗದ್ದಲದ ನಡುವೆ, ಹೇಳಿದ್ದು ಗುರುವಿನ ಕಿವಿಗೆ ಬೀಳದಂತೆ ಹೇಳಿ ಮುಗಿಸುವುದು. ಮಾತು ಆಡಿದಂತಾಯಿತು, ಆದರೆ ನಿವೇದನೆ ನಡೆಯಲಿಲ್ಲ. ಇದರಿಂದ ಒಂದು ತತ್ತ್ವ ಹೊರಡುತ್ತದೆ. ದೋಷದ ನಿರ್ಣಯಕ್ಕೆ ಹೇಳುವವನ ಮನಸ್ಸೂ ಕೇಳುವವನ ಮನಸ್ಸೂ ಕೂಡಬೇಕು. ಕೂಡದೆ ನಡೆದದ್ದು ವಿಧಿಯ ಆಕಾರ ಮಾತ್ರ.

ಈ ಹೋಲಿಕೆಯನ್ನು ಅತಿಯಾಗಿ ಎಳೆಯಲಾಗದು. ಆಲೋಚನೆ ಸ್ವ ಇಚ್ಛೆಯಿಂದ ನಡೆಯುವ ಆತ್ಮಶುದ್ಧಿಯ ಕ್ರಿಯೆ. ವಿಚಾರಣೆ ರಾಜ್ಯಶಕ್ತಿಯು ಒಬ್ಬನ ಮೇಲೆ ಹೂಡುವ ಕ್ರಿಯೆ. ಗುರುವಿನ ಮುಂದೆ ಮುಚ್ಚಿಡುವುದು ದೋಷ. ನ್ಯಾಯಾಲಯದಲ್ಲಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವುದು ಸಂವಿಧಾನದ 20ನೆಯ ವಿಧಿ ಕೊಟ್ಟ ಹಕ್ಕು. ಆದರೆ ಈ ವ್ಯತ್ಯಾಸವೇ ಮೇಲಿನ ತತ್ತ್ವವನ್ನು ಬಲಪಡಿಸುತ್ತದೆ. ಹಿತೈಷಿಯಾದ ಗುರುವಿನ ಮುಂದೆಯೇ ಸ್ಪಷ್ಟ ಮನಸ್ಸು ಬೇಕೆಂದಾದರೆ, ಜೈಲಿಗೋ ಗಲ್ಲಿಗೋ ಕಳಿಸಬಲ್ಲ ಶಕ್ತಿಯ ಮುಂದೆ ನಿಂತವನಿಗೆ ಅದು ಇನ್ನೂ ಹೆಚ್ಚು ಬೇಕು. ಆ ರಾತ್ರಿ ತಾನು ಬೇರೆ ಊರಿನಲ್ಲಿದ್ದೆ ಎಂಬ ಸತ್ಯ ಆರೋಪಿಯೊಬ್ಬನ ತಲೆಯಲ್ಲಿಯೇ ಉಳಿದಿರಬಹುದು. ಅದನ್ನು ಹೊರತರಲಾರದವನ ವಿರುದ್ಧದ ತೀರ್ಪು ಏಕಾಂತವಾದದ ತೀರ್ಪು. ಒಂದು ನಯವನ್ನಷ್ಟೇ ಹಿಡಿದು ವಸ್ತುವನ್ನು ನಿರ್ಣಯಿಸಬಾರದೆಂಬ ಅನೇಕಾಂತ ದೃಷ್ಟಿ ಇಲ್ಲಿ ನ್ಯಾಯಾಲಯದ ದೈನಂದಿನ ವ್ಯವಹಾರಕ್ಕೇ ಅನ್ವಯಿಸುತ್ತದೆ.

ವ್ಯವಹಾರಸೂತ್ರದ ಮೂರು ಆದೇಶಗಳು

ಇದಕ್ಕಿಂತಲೂ ನೇರವಾದ ಆಧಾರವೊಂದು ಶ್ವೇತಾಂಬರ ಪರಂಪರೆಯ ಛೇದಸೂತ್ರಗಳಲ್ಲಿದೆ. ಭದ್ರಬಾಹು ಸ್ವಾಮಿಗಳ ಹೆಸರಿನೊಡನೆ ಬಂದ ವ್ಯವಹಾರಸೂತ್ರವು ಸಂಘದೊಳಗಿನ ಪ್ರಾಯಶ್ಚಿತ್ತ ವಿಧಾನವನ್ನು ಹೇಳುವ ಗ್ರಂಥ. ವ್ಯವಹಾರ ಎಂಬ ಶಬ್ದವೇ ಧರ್ಮಶಾಸ್ತ್ರಗಳಲ್ಲಿ ಮೊಕದ್ದಮೆಯ ಹೆಸರೂ ಆಗಿರುವುದು ಗಮನಾರ್ಹ. ಪ್ರಾಯಶ್ಚಿತ್ತಕ್ಕೆ ಒಳಗಾದ ಭಿಕ್ಷುವು ರೋಗಪೀಡಿತನಾದರೆ ಏನು ಮಾಡಬೇಕೆಂಬ ಪ್ರಶ್ನೆ ಅದರ ಎರಡನೆಯ ಉದ್ದೇಶಕದಲ್ಲಿ ಬರುತ್ತದೆ. ಮುಂದುವರಿದು, ಕ್ಷಿಪ್ತಚಿತ್ತ, ದೀಪ್ತಚಿತ್ತ, ಯಕ್ಷಾವಿಷ್ಟ, ಉನ್ಮಾದಪ್ರಾಪ್ತ ಎಂದು ಮತಿ ಕದಡಿದವರ ಬಗೆಗಳನ್ನು ಒಂದೊಂದಾಗಿ ಹೆಸರಿಸಿ ಅವರಿಗೂ ಅದೇ ವಿಧಿಯನ್ನು ಹೇಳಲಾಗಿದೆ. ಭಯ-ಶೋಕಗಳಿಂದ ಚದುರಿದ ಚಿತ್ತ ಬೇರೆ, ಹರ್ಷ-ಮದಗಳಿಂದ ಉಬ್ಬಿದ ಚಿತ್ತ ಬೇರೆ ಎಂಬ ಸೂಕ್ಷ್ಮವನ್ನು ಆ ಕಾಲದಲ್ಲಿಯೇ ಗುರುತಿಸಿದ್ದು ಸಾಮಾನ್ಯವಲ್ಲ.

ವಿಧಿಯ ಸಾರ ಮೂರು ಆದೇಶಗಳಲ್ಲಿದೆ. ಅಂಥವನನ್ನು ಗಣದಿಂದ ಹೊರಹಾಕಬಾರದು. ರೋಗದಿಂದ ಬಿಡುಗಡೆಯಾಗುವವರೆಗೆ ಬೇಸರವಿಲ್ಲದೆ ಅವನ ವೈಯಾವೃತ್ತ್ಯವನ್ನು, ಎಂದರೆ ಶುಶ್ರೂಷೆಯನ್ನು, ಮಾಡಬೇಕು. ಗುಣವಾದ ಮೇಲೆ ಅವನಿಗೆ ಅತ್ಯಂತ ಹಗುರವಾದ ವ್ಯವಹಾರವನ್ನು ವಿಧಿಸಬೇಕು. ದಿಗಂಬರ ಆಮ್ನಾಯವು ಈ ಆಗಮವನ್ನು ಪ್ರಮಾಣವೆಂದು ಸ್ವೀಕರಿಸದಿದ್ದರೂ ವೈಯಾವೃತ್ತ್ಯವು ಅಂತರಂಗ ತಪಗಳಲ್ಲೊಂದೆಂಬುದರಲ್ಲಿ ಎರಡು ಆಮ್ನಾಯಗಳಿಗೂ ಭಿನ್ನಾಭಿಪ್ರಾಯವಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಪ್ರಾಯಶ್ಚಿತ್ತವೂ ವೈಯಾವೃತ್ತ್ಯವೂ ಒಂದೇ ಸೂತ್ರದೊಳಗೆ, ಒಂದೇ ಸಾಲಿನ ತಪಗಳಾಗಿ ಬಂದಿವೆ. ದಂಡವೂ ಶುಶ್ರೂಷೆಯೂ ಪರಸ್ಪರ ವಿರೋಧಿಗಳೆಂದು ನಮ್ಮ ಪೂರ್ವಾಚಾರ್ಯರು ಎಣಿಸಲಿಲ್ಲ.

ಮೂರು ಆದೇಶಗಳಲ್ಲಿ ಆಧುನಿಕ ಕಾನೂನು ಬಹುಕಾಲ ಹಿಡಿದುಕೊಂಡದ್ದು ಒಂದರ ಅರ್ಧವನ್ನು ಮಾತ್ರ: ವ್ಯವಹಾರವನ್ನು ನಿಲ್ಲಿಸು. ಬೇಸರವಿಲ್ಲದ ಶುಶ್ರೂಷೆ ಯಾರ ಕರ್ತವ್ಯ, ನಿಲ್ಲಿಸಿದ ವ್ಯವಹಾರಕ್ಕೆ ಕೊನೆ ಎಂದು ಎಂಬುದನ್ನು ಅದು ಹೇಳದೆ ಬಿಟ್ಟಿತ್ತು. ಅದರ ಫಲವೇನಾಯಿತು ಎಂಬುದನ್ನು ನೋಡುವ ಮೊದಲು ಎರಡು ಆಕ್ಷೇಪಗಳನ್ನು ಪರಿಶೀಲಿಸುವುದು ಉಚಿತ.

ಎರಡು ಆಕ್ಷೇಪಗಳು

ಮೊದಲನೆಯದು ಕಪಟದ ಆಕ್ಷೇಪ. ಬುದ್ಧಿವಂತನಾದ ಅಪರಾಧಿ ಹುಚ್ಚನ ಸೋಗು ಹಾಕಿ ತಪ್ಪಿಸಿಕೊಳ್ಳಬಹುದಲ್ಲವೇ? ಇದು ಅಲ್ಲಗಳೆಯುವಂಥದಲ್ಲ. ಆಲೋಚನೆಯ ಹತ್ತು ದೋಷಗಳಲ್ಲಿ ಅನುಮಾನಿತ ಎಂಬುದು ಇದನ್ನೇ ಹೇಳುತ್ತದೆ: ತಾನು ದುರ್ಬಲ, ರೋಗಿ, ಉಪವಾಸಾದಿಗಳನ್ನು ತಾಳಲಾರೆ ಎಂದು ತೋರಿಸಿಕೊಂಡು ಪ್ರಾಯಶ್ಚಿತ್ತವನ್ನು ಹಗುರ ಮಾಡಿಸಿಕೊಳ್ಳುವ ಕುಟಿಲತೆ. ದೌರ್ಬಲ್ಯದ ಸೋಗನ್ನು ಬಲ್ಲ ಪರಂಪರೆಯೇ ನಿಜವಾದ ರೋಗಿಗೆ ಶುಶ್ರೂಷೆಯನ್ನೂ ಹೇಳಿತು. ಸೋಗಿನ ಭಯದಿಂದ ಶುಶ್ರೂಷೆಯನ್ನು ನಿರಾಕರಿಸಲಿಲ್ಲ. ಸೋಗನ್ನು ಗುರುತಿಸುವ ದಾರಿ ಎಚ್ಚರದ ಪರೀಕ್ಷೆಯೇ. ಒಂದು ಗಂಟೆಯ ಸಂದರ್ಶನದಲ್ಲಿ ನಟಿಸುವುದು ಸುಲಭ. ವಾರಗಟ್ಟಲೆ ಹಗಲಿರುಳು ದಾದಿಯರ ಕಣ್ಣೆದುರು ನಿದ್ರೆಯಲ್ಲಿ, ಊಟದಲ್ಲಿ, ಮಾತಿನಲ್ಲಿ ಒಂದೇ ರೋಗವನ್ನು ನಟಿಸುವುದು ಕಷ್ಟ. ಆದ್ದರಿಂದಲೇ ಆರೋಪಿಯನ್ನು ಒಳರೋಗಿಯಾಗಿ ಇಟ್ಟುಕೊಂಡು ಗಮನಿಸುವ ಪದ್ಧತಿ ಬಂದಿದೆ. ಹಿಂದೆ ಸಿವಿಲ್ ಸರ್ಜನ್ ಅಥವಾ ಇತರ ವೈದ್ಯಾಧಿಕಾರಿಯ ಪರೀಕ್ಷೆ ಸಾಕಾಗುತ್ತಿತ್ತು. ದಂಡ ಪ್ರಕ್ರಿಯಾ ಸಂಹಿತೆಗೆ ಆದ 2008ರ ತಿದ್ದುಪಡಿಯು ಮನೋವೈದ್ಯರು ಅಥವಾ ಚಿಕಿತ್ಸಕ ಮನಶ್ಶಾಸ್ತ್ರಜ್ಞರ ಪರೀಕ್ಷೆಯನ್ನೂ, ಅವರ ವರದಿಯನ್ನು ಒಪ್ಪದ ಆರೋಪಿಗೆ ವೈದ್ಯಕೀಯ ಮಂಡಳಿಯ ಮುಂದೆ ಮೇಲ್ಮನವಿಯನ್ನೂ ಸೇರಿಸಿತು.

ಎರಡನೆಯ ಆಕ್ಷೇಪ ಇನ್ನೂ ಭಾರವಾದದ್ದು. ಮಗನನ್ನು ಕಳೆದುಕೊಂಡ ತಾಯಿ ನ್ಯಾಯಾಲಯದ ಹೊರಗೆ ಕುಳಿತಿದ್ದಾಳೆ. ಆರೋಪಿಯ ಮನಸ್ಸು ಸರಿಯಾಗುವವರೆಗೆ ಕಾಯಬೇಕೆಂದು ಆಕೆಗೆ ಹೇಳುವುದು ಹೇಗೆ? ಆಕೆಯ ದುಃಖವನ್ನು ಅಹಿಂಸೆಯ ಉಪದೇಶದಿಂದ ಮುಚ್ಚಿಹಾಕುವುದು ಇನ್ನೊಂದು ಹಿಂಸೆ. ಆದರೆ ಆಕೆ ಕೇಳುವುದರಲ್ಲಿ ಎರಡು ಅಂಶಗಳಿವೆ: ನಡೆದದ್ದೇನೆಂಬ ಸತ್ಯ ಹೊರಬರಬೇಕು, ಮತ್ತು ಹೊಣೆಗಾರನು ಹೊಣೆಯನ್ನು ಹೊರಬೇಕು. ತನ್ನ ಮುಂದೆ ಏನು ನಡೆಯುತ್ತಿದೆಯೆಂದು ತಿಳಿಯದವನಿಗೆ ವಿಧಿಸಿದ ಶಿಕ್ಷೆ ಇವೆರಡನ್ನೂ ಕೊಡಲಾರದು. ಸತ್ಯದ ಒಂದು ಪಾರ್ಶ್ವ ಅವನ ಕದಡಿದ ನೆನಪಿನಲ್ಲಿಯೇ ಉಳಿಯುತ್ತದೆ. ಹೊಣೆಯೆಂಬುದು ಅವನ ಅರಿವಿಗೆ ತಟ್ಟುವುದೇ ಇಲ್ಲ. ಆ ತಾಯಿಗೆ ಸಲ್ಲಬೇಕಾದದ್ದು ಅವಸರದ ವಿಚಾರಣೆಯಲ್ಲ, ಅವಸರದ ಚಿಕಿತ್ಸೆ. ರೋಗಿಯನ್ನು ಬೇಗ ಗುಣಪಡಿಸಿ ಬೇಗ ವಿಚಾರಣೆಗೆ ತರುವುದು ಇಬ್ಬರಿಗೂ ಹಿತ. ಚಿಕಿತ್ಸೆಯಲ್ಲಿನ ಉದಾಸೀನತೆ ಇಬ್ಬರಿಗೂ ಒಟ್ಟಿಗೆ ಎಸಗಿದ ಅನ್ಯಾಯ.

ಕರುಣೆಯೇ ಸೆರೆಯಾದಾಗ

ಈ ಉದಾಸೀನತೆ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. 1951ರಲ್ಲಿ ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬ ಇಪ್ಪತ್ತಮೂರರ ಆಸುಪಾಸಿನ ಯುವಕನನ್ನು, ತೀವ್ರ ಗಾಯವುಂಟುಮಾಡಿದ ಆರೋಪದ ಮೇಲೆ ಬಂಧಿಸಲಾಯಿತು. ಮನಸ್ಸು ಸ್ವಸ್ಥವಿಲ್ಲವೆಂದು ಅವನನ್ನು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಆಸ್ಪತ್ರೆಯು ಅವನು ಸ್ವಸ್ಥನೆಂದು ತಿಳಿಸಿತು. ಆಗ ವಿಚಾರಣೆ ಆರಂಭವಾಗಬೇಕಾಗಿತ್ತು, ಇಲ್ಲವೇ ಬಿಡುಗಡೆಯಾಗಬೇಕಾಗಿತ್ತು. ಎರಡೂ ಆಗಲಿಲ್ಲ. ಅವನನ್ನು ಗುವಾಹಟಿಯ ಜೈಲಿಗೆ ಸಾಗಿಸಿ ಮರೆತುಬಿಟ್ಟರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಗಮನಕ್ಕೆ ಬಂದು ಅವನು ಹೊರಬಂದದ್ದು 2005ರ ಜುಲೈಯಲ್ಲಿ, ಒಂದು ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ. ಹೋದಾಗ ತರುಣ, ಬಂದಾಗ ಎಪ್ಪತ್ತೇಳರ ಮುದುಕ. ಒಟ್ಟು 54 ವರ್ಷ. ಅದರಲ್ಲಿ 16 ವರ್ಷ ರೋಗಿಯಾಗಿ, 38 ವರ್ಷ ಸ್ವಸ್ಥನೆಂದು ಆಸ್ಪತ್ರೆ ತಿಳಿಸಿದ ಮೇಲೆ. ವಿಚಾರಣೆ ಒಂದು ದಿನವೂ ನಡೆಯಲಿಲ್ಲ.

ಇದು ಒಂಟಿ ಘಟನೆಯಲ್ಲ. ಬಿಹಾರದ ಹಜಾರಿಬಾಗ್ ಜೈಲಿನಲ್ಲಿ ಮತಿವಿಕಲರೆಂಬ ಕಾರಣಕ್ಕೆ ಇಡಲಾಗಿದ್ದ ಕೈದಿಗಳ ಸ್ಥಿತಿ ವೀಣಾ ಸೇಥಿ ಪ್ರಕರಣದಲ್ಲಿ 1982ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಗುಣಮುಖರಾದ ಮೇಲೆಯೂ ಅವರಲ್ಲಿ ಕೆಲವರು ಹಲವು ದಶಕಗಳನ್ನು ಅಲ್ಲಿಯೇ ಕಳೆದಿದ್ದರು. ಅವರ ಬಿಡುಗಡೆಗೆ ಬೇಕಾದ ಆದೇಶವನ್ನು ಕೇಳುವವರಾಗಲಿ ಕೊಡುವವರಾಗಲಿ ಇರಲಿಲ್ಲ.

ಈಗ ಕೇಳಬೇಕಾದ ಪ್ರಶ್ನೆ: ಇಲ್ಲಿ ಹಿಂಸೆ ಮಾಡಿದವರು ಯಾರು? ಲಾಲುಂಗನನ್ನು ಯಾರೂ ಹೊಡೆಯಲಿಲ್ಲ, ಯಾರೂ ದ್ವೇಷಿಸಲಿಲ್ಲ. ದಂಡಾಧಿಕಾರಿಯು ಕಾನೂನಿನಂತೆ ಕಳಿಸಿದ. ವೈದ್ಯನು ಕಾನೂನಿನಂತೆ ವರದಿ ಬರೆದ. ಜೈಲಿನ ಅಧಿಕಾರಿಯು ಕಾನೂನಿನಂತೆ ಕಾವಲಿಟ್ಟ. ಪ್ರತಿಯೊಬ್ಬನೂ ತನ್ನ ಪಾಲಿನದನ್ನು ಮಾಡಿದ್ದಾನೆ. ಒಬ್ಬ ಮನುಷ್ಯನ ಇಡೀ ಆಯುಷ್ಯ ಮುಗಿದಿದೆ. ಪಾಶ್ಚಾತ್ಯ ದಂಡನೀತಿಯು ದುರುದ್ದೇಶವನ್ನು ಹುಡುಕುತ್ತ ಹೋದರೆ ಇಲ್ಲಿ ಅಪರಾಧಿಯೇ ಸಿಗುವುದಿಲ್ಲ. ಜೈನ ದೃಷ್ಟಿಗೆ ಮಾತ್ರ ಉತ್ತರ ಕೈಗೆ ಸಿಗುವಂತಿದೆ. ಉಮಾಸ್ವಾಮಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಹಿಂದೆ ದ್ವೇಷವಿರಬೇಕೆಂದು ಹೇಳಲಿಲ್ಲ, ಪ್ರಮತ್ತಯೋಗವಿರಬೇಕೆಂದು ಹೇಳಿದರು. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ: ಜೀವವು ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆ ನಿಶ್ಚಿತ, ಎಚ್ಚರದಿಂದ ನಡೆಯುವವನಿಗೆ ಹೊರಗಿನ ಹಾನಿಯೊಂದರಿಂದಲೇ ಬಂಧವಿಲ್ಲ.

ಈ ಅಳತೆಗೋಲನ್ನು ಹಿಡಿದಾಗ ಚಿತ್ರ ತಿರುವು ಮುರುವಾಗುತ್ತದೆ. ಮತಿ ಕದಡಿದ ಗಳಿಗೆಯಲ್ಲಿ ಕೈಯೆತ್ತಿದವನ ಒಳಗೆ ಕಷಾಯ ಎಷ್ಟಿತ್ತು, ಎಷ್ಟಿರಲಿಲ್ಲ ಎಂಬುದನ್ನು ಕೇವಲಿಗಳು ಬಲ್ಲರು. ಮನುಷ್ಯರ ನ್ಯಾಯಾಲಯಕ್ಕೆ ಅದನ್ನು ನಿಖರವಾಗಿ ಅಳೆಯುವ ಸಾಧನವಿಲ್ಲ. ಆದರೆ ಸ್ವಸ್ಥ ಮನಸ್ಸಿನ, ಸಂಬಳ ಪಡೆಯುವ, ಕಡತವನ್ನು ಓದಬಲ್ಲ ಅಧಿಕಾರಿಗಳು ಆ ಕಡತವನ್ನು 38 ವರ್ಷ ತೆರೆಯದೆ ಇದ್ದುದು ಪ್ರಮಾದವೆಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಭ್ರಾಂತನೆಂದು ಕರೆಸಿಕೊಂಡವನ ಹಿಂಸೆ ಸಂದೇಹಾಸ್ಪದ. ಅವನನ್ನು ಕಾಯುತ್ತಿದ್ದವರ ಹಿಂಸೆ ನಿಸ್ಸಂದೇಹ. ಕರುಣೆಯಿಂದ ಆರಂಭವಾದ ನಿಯಮವೊಂದು ಎಚ್ಚರವನ್ನು ಕಳೆದುಕೊಂಡಾಗ, ಕ್ರೌರ್ಯದಿಂದ ಆರಂಭವಾದ ನಿಯಮಕ್ಕಿಂತಲೂ ದೀರ್ಘವಾದ ನೋವನ್ನು ಕೊಡಬಲ್ಲದು. ಏಕೆಂದರೆ ಕ್ರೌರ್ಯವನ್ನು ಜನ ಗುರುತಿಸಿ ಪ್ರತಿಭಟಿಸುತ್ತಾರೆ; ಕರುಣೆಯ ಹೆಸರು ಹೊತ್ತದ್ದನ್ನು ಯಾರೂ ತಿರುಗಿ ನೋಡುವುದಿಲ್ಲ.

ತಿದ್ದುಪಡಿಗಳು, ಉಳಿದ ಕೊರತೆ

ಕಾನೂನು ತನ್ನ ತಪ್ಪನ್ನು ಕಂಡುಕೊಂಡಿಲ್ಲವೆಂದಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ ಇಂಡಿಯಾನಾ ರಾಜ್ಯದ ಜಾಕ್ಸನ್ ಎಂಬ ಕಿವುಡ-ಮೂಗನಾದ, ಬುದ್ಧಿ ಬೆಳೆಯದ ಆರೋಪಿಯ ಪ್ರಕರಣದಲ್ಲಿ, ವಿಚಾರಣೆಗೆ ಅನರ್ಹನೆಂಬ ಒಂದೇ ಕಾರಣಕ್ಕೆ ಒಬ್ಬನನ್ನು ಅನಿರ್ದಿಷ್ಟ ಕಾಲ ಕೂಡಿಹಾಕಲಾಗದೆಂದು ತೀರ್ಪಿತ್ತಿತು. ಲಾಲುಂಗನ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ, ಇಂಥ ಆರೋಪಿಗಳ ಸ್ಥಿತಿಯನ್ನು ಕುರಿತ ವರದಿಗಳು ಕಾಲಕಾಲಕ್ಕೆ ನ್ಯಾಯಾಲಯಕ್ಕೆ ಬರಬೇಕು, ಬಾರದಿದ್ದರೆ ನ್ಯಾಯಾಲಯವೇ ತರಿಸಿಕೊಳ್ಳಬೇಕು ಎಂದು ನಿರ್ದೇಶಿಸಿತು. 2008ರ ತಿದ್ದುಪಡಿಯು ಇನ್ನೆರಡು ಬಾಗಿಲುಗಳನ್ನು ತೆರೆಯಿತು. ಆರೋಪಿಯನ್ನು ಪ್ರಶ್ನಿಸದೆ, ಅವನ ವಕೀಲನ ಮಾತನ್ನು ಕೇಳಿ, ಮೇಲ್ನೋಟಕ್ಕೆ ಮೊಕದ್ದಮೆಯೇ ಇಲ್ಲವೆಂದು ಕಂಡರೆ ಅವನನ್ನು ಬಿಟ್ಟುಬಿಡಬಹುದು. ಒಳರೋಗಿಯಾಗಿ ಚಿಕಿತ್ಸೆ ಬೇಕಿಲ್ಲದವನನ್ನು, ಆರೋಪ ಜಾಮೀನು ಕೊಡಬಹುದಾದದ್ದಾಗಿರಲಿ ಅಲ್ಲದಿರಲಿ, ಜಾಮೀನಿನ ಮೇಲೆ ಬಿಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಕೈದಿಗಳ ಮಾನಸಿಕ ಚಿಕಿತ್ಸೆಯನ್ನು ರಾಜ್ಯದ ಕರ್ತವ್ಯಗಳ ಸಾಲಿಗೆ ಸೇರಿಸಿದೆ.

ಮತಿ ಸ್ವಸ್ಥವಾಗಿದ್ದೂ ಕಲಾಪವನ್ನು ಅರಿಯಲಾರದವರ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ಸಂಕೇತ ಭಾಷೆಯನ್ನು ಯಾರೂ ಕಲಿಸದ ಕಿವುಡ, ಲಂಬಾಣಿ ತಾಂಡಾದಿಂದ ಬಂದು ಕಚೇರಿಯ ಕನ್ನಡವನ್ನೂ ಇಂಗ್ಲಿಷನ್ನೂ ತಿಳಿಯದ ಹೆಂಗಸು, ಇವರು ಹುಚ್ಚರಲ್ಲ. ಆದರೂ ಅವರ ಪಾಲಿಗೆ ನ್ಯಾಯಾಲಯವೆಂಬುದು ಶಬ್ದಾಕುಲಿತವಾದ ಒಂದು ಕೋಣೆ. ಸಾಕ್ಷ್ಯವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಕಾನೂನು ಹೇಳುತ್ತದೆ. ಕಲಾಪವನ್ನು ಅರಿಯಿಸಲಾಗದ ಆರೋಪಿಗೆ ಶಿಕ್ಷೆ ನಿಶ್ಚಯವಾದರೆ ಕಡತವು ಉಚ್ಚ ನ್ಯಾಯಾಲಯಕ್ಕೆ ಹೋಗಬೇಕೆಂದೂ ಹೇಳುತ್ತದೆ. ಅವಸರದಲ್ಲಿ ಓದಿ ಮುಗಿಸಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದರಿಂದ ಈ ಕರ್ತವ್ಯ ತೀರಿದಂತಾಗುವುದಿಲ್ಲ.

ಆದರೂ ಒಂದು ಕೊರತೆ ಉಳಿದಿದೆ, ಅದು ಶಾಸನದಿಂದ ತುಂಬುವಂಥದಲ್ಲ. ಮೇಲೆ ಹೇಳಿದ ಜಾಮೀನಿಗೆ ಒಂದು ಷರತ್ತಿದೆ: ಸ್ನೇಹಿತನೋ ಸಂಬಂಧಿಕನೋ ಮುಂದೆ ಬಂದು, ರೋಗಿಗೆ ಹೊರಗಿನಿಂದ ಚಿಕಿತ್ಸೆ ಕೊಡಿಸುತ್ತೇನೆ, ಅವನಿಂದ ಅವನಿಗಾಗಲಿ ಇತರರಿಗಾಗಲಿ ಕೇಡಾಗದಂತೆ ನೋಡಿಕೊಳ್ಳುತ್ತೇನೆ ಎಂದು ಹೊಣೆ ಹೊರಬೇಕು. ಬಾಗಿಲು ತೆರೆದಿದೆ, ಆದರೆ ಒಳಗಿರುವವನನ್ನು ಕರೆದೊಯ್ಯಲು ಹೊರಗೆ ಒಬ್ಬರು ಬಂದು ನಿಲ್ಲಬೇಕು. ಮತಿ ಕದಡಿದವನ ಮನೆಯವರು ಬಹುಪಾಲು ಬಡವರು, ದಣಿದವರು, ನಾಚಿಕೆಯಿಂದ ಕುಗ್ಗಿದವರು. ಅನೇಕ ವೇಳೆ ಅವನ ಕೈಯಿಂದ ನೊಂದವರೂ ಅವರೇ. ಅವರು ಬರದಿದ್ದಾಗ ನಿಂದಿಸುವುದು ಸುಲಭ, ಅವರ ಸ್ಥಾನದಲ್ಲಿ ನಿಲ್ಲುವುದು ಕಷ್ಟ.

ಶ್ರಾವಕರ ಪಾಲು

ಜೈನ ಸಮಾಜವು ಗೋಶಾಲೆಗಳನ್ನೂ ಪಾಂಜರಪೋಳಗಳನ್ನೂ ನಡೆಸಿಕೊಂಡು ಬಂದಿದೆ. ಮಾತು ಬಾರದ, ತನ್ನ ನೋವನ್ನು ತಾನು ಹೇಳಲಾರದ ಪಶುವಿಗಾಗಿ ಧನವನ್ನೂ ಶ್ರಮವನ್ನೂ ನೀಡುವುದು ನಮಗೆ ಸಹಜವಾಗಿದೆ. ಅದೇ ನ್ಯಾಯದಿಂದ, ಮಾತಿದ್ದೂ ಅರ್ಥವನ್ನು ಹೇಳಲಾರದ ಮನುಷ್ಯನು ನಮ್ಮ ಅಭಯದಾನದ ಎಲ್ಲೆಯೊಳಗೆ ಬರಬೇಕು. ಕೊಲೆಯ ಆರೋಪ ಹೊತ್ತವನೆಂಬ ಭಯ ಸಹಜವಾದದ್ದೇ. ಆದರೆ ಇಲ್ಲಿ ಕೋರುತ್ತಿರುವುದು ಅವನನ್ನು ನಿರ್ದೋಷಿಯೆಂದು ಸಾರುವುದನ್ನಲ್ಲ. ಅವನ ಕಡತ ಧೂಳು ಹಿಡಿಯದಂತೆ ನೋಡುವ ಒಂದು ಕಣ್ಣನ್ನು.

ಇದಕ್ಕೆ ದೊಡ್ಡ ಸಂಸ್ಥೆಯನ್ನು ಕಟ್ಟಬೇಕಾಗಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಬಡ ಆರೋಪಿಗಳಿಗೆ ಉಚಿತ ವಕೀಲರನ್ನು ಒದಗಿಸುತ್ತದೆ. ಮಾನಸಿಕ ರೋಗಿಗಳಿಗೆ ಕಾನೂನಿನ ನೆರವು ನೀಡಲೆಂದೇ ರಾಷ್ಟ್ರೀಯ ಪ್ರಾಧಿಕಾರವು 2015ರಲ್ಲಿ ಯೋಜನೆಯೊಂದನ್ನು ರೂಪಿಸಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ವಕೀಲಿ ವೃತ್ತಿಯಲ್ಲಿರುವ, ವೈದ್ಯ ವೃತ್ತಿಯಲ್ಲಿರುವ, ನಿವೃತ್ತರಾಗಿ ಕಾಲಾವಕಾಶವಿರುವ ಶ್ರಾವಕ-ಶ್ರಾವಿಕೆಯರಿಗೆ ಕೊರತೆಯಿಲ್ಲ. ಸೇರಿದವರಲ್ಲಿ ಕೆಲವರು ಆ ಪ್ರಾಧಿಕಾರದ ಮೂಲಕ, ಚಿಕಿತ್ಸೆ ಮುಗಿದರೂ ನ್ಯಾಯಾಲಯಕ್ಕೆ ಮರಳದ ಆರೋಪಿಗಳಿದ್ದಾರೆಯೇ ಎಂದು ಆರು ತಿಂಗಳಿಗೊಮ್ಮೆ ವಿಚಾರಿಸಬಹುದು. ಹೊಣೆ ಹೊರಲು ಸಿದ್ಧವಿದ್ದೂ ಔಷಧದ ಖರ್ಚಿಗೆ, ಬಸ್ಸಿನ ಚಾರ್ಜಿಗೆ ಹಿಂದೆಗೆಯುವ ಬಡ ಕುಟುಂಬದ ಬೆನ್ನಿಗೆ ನಿಲ್ಲಬಹುದು. ದಶಲಕ್ಷಣ ಪರ್ವದ ದಿನಗಳಲ್ಲಿ ಕ್ಷಮಾಧರ್ಮವನ್ನು ಕುರಿತು ಪ್ರವಚನ ನಡೆಯುವಾಗ, ಕ್ಷಮೆ ಕೇಳುವ ಶಕ್ತಿಯನ್ನೇ ಕಳೆದುಕೊಂಡವರ ನೆನಪನ್ನೂ ಮಾಡಿಕೊಡಬಹುದು.

ವ್ಯವಹಾರಸೂತ್ರದ ಆದೇಶದಲ್ಲಿ ಶುಶ್ರೂಷೆಗೆ ಅಂಟಿದ ವಿಶೇಷಣವನ್ನು ಇಲ್ಲಿ ಮತ್ತೊಮ್ಮೆ ನೆನೆಯಬೇಕು: ಬೇಸರವಿಲ್ಲದೆ. ಮೊದಲ ದಿನದ ಕರುಣೆ ಎಲ್ಲರಲ್ಲಿಯೂ ಇರುತ್ತದೆ; ಲಾಲುಂಗನನ್ನು ಆಸ್ಪತ್ರೆಗೆ ಕಳಿಸಿದವರಲ್ಲಿಯೂ ಇತ್ತು. ಹದಿನಾರನೆಯ ವರ್ಷದಲ್ಲಿ ಅವನು ಸ್ವಸ್ಥನೆಂದು ಕಾಗದ ಬಂದಾಗ ಅದನ್ನು ತೆರೆದು ಓದಿ ಮುಂದಿನ ಹೆಜ್ಜೆ ಇಡುವ ಒಬ್ಬರು ಬೇಕಾಗಿದ್ದರು. ಅಪ್ರಮತ್ತ ಎಂಬ ಶಬ್ದವನ್ನು ನಾವು ಮುನಿಗಳ ಗುಣಸ್ಥಾನಕ್ಕೆ ಮೀಸಲಿಟ್ಟಿದ್ದೇವೆ. ಅದರ ಒಂದು ಕಣ ಕಚೇರಿಯ ಕಪಾಟಿನವರೆಗೆ, ಆಸ್ಪತ್ರೆಯ ವಾರ್ಡಿನವರೆಗೆ, ಗೃಹಸ್ಥನ ವಾರದ ಒಂದು ಗಂಟೆಯವರೆಗೆ ಬಂದರೂ ಒಂದು ಜೀವದ ಉಳಿದ ಆಯುಷ್ಯವನ್ನು ಅದಕ್ಕೆ ಮರಳಿಸಿಕೊಟ್ಟಂತಾಗುತ್ತದೆ.